ಕೇಳಿ ಮುಟ್ಟುವ ಊರಿನಲ್ಲಿ

ಮಲೇಷ್ಯಾದ ಆಸ್ಪತ್ರೆಯಲ್ಲಿ ನನ್ನ ಮೊದಲ ದಿನ. ರೋಗಿಯ ಹೊಟ್ಟೆಯತ್ತ ಚಾಚಿದ ನನ್ನ ಕೈಯನ್ನು ಒಬ್ಬ ನರ್ಸ್ ಅರ್ಧದಲ್ಲೇ ತಡೆದಳು. ಬಾಯಿಮಾತಿನಲ್ಲಿ ಅಲ್ಲ, ತನ್ನ ಕೈಯಲ್ಲಿದ್ದ ಫೈಲನ್ನು ನನಗೂ ರೋಗಿಗೂ ನಡುವೆ ಅಡ್ಡ ಹಿಡಿದು ತಡೆದಳು. ‘ಬೆಲುಂ ಬೊಲೆ, ಪ್ರೊಫ್’ ಎಂದಳು, ನಗುನಗುತ್ತಲೇ. ಬೊಲೆ ಎಂದರೆ ಆಗುತ್ತದೆ, ಬೆಲುಂ ಎಂದರೆ ಇನ್ನೂ ಇಲ್ಲ. ಆಗ ನನಗೆ ಎರಡೂ ಶಬ್ದ ಗೊತ್ತಿರಲಿಲ್ಲ. ಆದರೂ ಮುಖಕ್ಕೆ ಹೊಡೆದ ಹಾಗಾಯಿತು.

ಇಪ್ಪತ್ತೆರಡು ವರ್ಷ ಉಡುಪಿ ಕಡೆಯ ಮೆಡಿಕಲ್ ಕಾಲೇಜಿನಲ್ಲಿ ಜನರಲ್ ಮೆಡಿಸಿನ್ ಕಲಿಸಿದವಳು ನಾನು. ಕೊನೆಯ ಆರು ವರ್ಷ ವಿಭಾಗದ ಮುಖ್ಯಸ್ಥೆ. ನಾನು ವಾರ್ಡಿಗೆ ಕಾಲಿಟ್ಟರೆ ಪಿಜಿ ವಿದ್ಯಾರ್ಥಿಗಳು ಗೋಡೆಗೆ ಅಂಟಿಕೊಳ್ಳುತ್ತಿದ್ದರು, ರೋಗಿಯ ಕಡೆಯವರು ಹೇಳಿಸಿಕೊಳ್ಳದೆ ಹೊರಗೆ ನಡೆಯುತ್ತಿದ್ದರು, ಹಾಸಿಗೆಯ ಮೇಲಿದ್ದವರು ತಾವಾಗಿಯೇ ಅಂಗಿ ಮೇಲೆತ್ತಿಕೊಂಡು ಮಲಗುತ್ತಿದ್ದರು. ಅಂಥವಳಿಗೆ ಇಲ್ಲಿ ನಾಡಿ ಹಿಡಿಯುವ ಹಕ್ಕೂ ಇಲ್ಲ! ಪಾಠ ಮಾಡುವುದಕ್ಕೆ ಕಾಗದ ಬಂದಿತ್ತು, ಚಿಕಿತ್ಸೆ ಮಾಡುವುದಕ್ಕೆ ಬಂದಿರಲಿಲ್ಲ. ಅದು ಬಂದ ಮೇಲೂ ಕೆಲವು ತಿಂಗಳು ಇಲ್ಲಿನ ತಜ್ಞರೊಬ್ಬರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡಬೇಕು. ಅವರು ಬರೆದುಕೊಡುವ ವರದಿ ಚೆನ್ನಾಗಿದ್ದರೆ ಮಾತ್ರ ತಜ್ಞ ವೈದ್ಯರ ಪಟ್ಟಿಯಲ್ಲಿ ನನ್ನ ಹೆಸರು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ. ಊರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟೇ ಬಂದಿದ್ದೆ. ನನ್ನ ಕುರ್ಚಿಯಲ್ಲಿ ಆಗಲೇ ನನ್ನ ಜೂನಿಯರ್ ಪ್ರಸನ್ನ ಕೂತಾಗಿತ್ತು.

ಉಡುಪಿಯಲ್ಲೇ ಉಳಿದಿರುವ ನನ್ನ ಗಂಡನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. ಅವರಿಗೆ ನಗು ತಡೆಯಲಾಗಲಿಲ್ಲ.

‘ಎಂತ ಮಾರಾಯ್ತಿ, ಊರಿಡೀ ಮಕ್ಕಳನ್ನು ಪರೀಕ್ಷೆಯಲ್ಲಿ ಅಳಿಸಿದವಳು ನೀನು. ಈಗ ನಿನ್ನ ಸರದಿಯಾ?’

‘ನಗ್ಬೇಡಿ ನೀವು. ಫೇಲಾದ್ರೆ ಸೂಟ್‌ಕೇಸ್ ಹಿಡ್ಕೊಂಡು ನಿಮ್ಮ ಎದುರೇ ಬಂದು ನಿಲ್ತೇನೆ.’

‘ಬಾ, ಮನೆ ಉಂಟಲ್ಲ’ ಎಂದರು. ಮನೆ ಇತ್ತು, ಸರಿ. ಮನೆಯಲ್ಲಿ ಕೂತು ನಾನು ಮಾಡುವುದೇನು?

ಇಲ್ಲಿ ಮನೆ ಹುಡುಕಿದ್ದೂ ಒಂದು ದೊಡ್ಡ ಪಾಡು. ಫ್ಲ್ಯಾಟ್ ತೋರಿಸಿದ ಚೀನೀ ಹೆಂಗಸು ನನ್ನ ಕೆಲಸ ಕೇಳಲಿಲ್ಲ, ಸಂಬಳ ಕೇಳಲಿಲ್ಲ. ‘ಲೈಟ್ ಕುಕ್ಕಿಂಗಾ, ಹೆವಿ ಕುಕ್ಕಿಂಗಾ?’ ಎಂದು ಕೇಳಿದಳು. ನಾನು ಪಿಳಿಪಿಳಿ ನೋಡಿದೆ. ಎಣ್ಣೆ, ಹೊಗೆ, ಘಾಟು ಇದ್ದರೆ ಅದು ಹೆವಿ, ನೀರು ಕಾಯಿಸಿ ನೂಡಲ್ಸ್ ಮಾಡಿಕೊಂಡರೆ ಲೈಟ್, ಎಂದು ವಿವರಿಸಿದಳು. ಬೆಳ್ಳುಳ್ಳಿ ಒಗ್ಗರಣೆ ಯಾವ ಲೆಕ್ಕಕ್ಕೆ ಬರುತ್ತದೆ ಎಂದು ಕೇಳುವ ಧೈರ್ಯ ಬರಲಿಲ್ಲ. ಕೊನೆಗೆ ಬ್ರಿಕ್‌ಫೀಲ್ಡ್ಸ್ ಎಂಬ ಬಡಾವಣೆಯಲ್ಲಿ ಒಬ್ಬ ತಮಿಳು ಅಜ್ಜಿಯ ಫ್ಲ್ಯಾಟ್ ಸಿಕ್ಕಿತು. ಅಲ್ಲಿ ಬೆಳಗಾಗುವ ಹೊತ್ತಿಗೆ ಇಡೀ ಮಹಡಿಯೇ ಹೆವಿ. ಕೆಳಗಿನ ಅಂಗಡಿಯಲ್ಲಿ ಕುಚ್ಚಲಕ್ಕಿ ಎಂದರೆ ಯಾರಿಗೂ ತಿಳಿಯಲಿಲ್ಲ. ಭತ್ತವನ್ನು ಬೇಯಿಸಿ ಒಣಗಿಸಿ ಕುಟ್ಟುವುದನ್ನು ಅಂಗಡಿಯ ನಡುವೆ ನಿಂತು ಅಭಿನಯಿಸಿ ತೋರಿಸಿದೆ. ‘ಓ, ಪುಳುಂಗಲ್ ಅರಿಸಿ!’ ಎಂದು ಅಂಗಡಿಯವರು ಚೀಲ ಎಳೆದು ಕೊಟ್ಟರು. ಆ ದಿನ ಗಂಜಿ ಉಂಡು ಒಬ್ಬಳೇ ಕೂತು ಅತ್ತೆ. ಯಾಕೆ ಅಳು ಬಂತೋ, ಬಂತು.

ಇನ್ನು ಆಸ್ಪತ್ರೆಯ ಕಥೆಗೆ ಬರುತ್ತೇನೆ. ಚಿಕಿತ್ಸೆಯ ಪರವಾನಗಿ ಬಂದ ದಿನ ಮೇಲ್ವಿಚಾರಕರನ್ನು ಕಾಣಲು ಹೋದೆ. ಬಾಗಿಲ ಮೇಲೆ ಡಾಕ್ಟರ್ ನೊರ್ಲಿನಾ ಎಂದಿತ್ತು. ಒಳಗೆ ತಲೆಗೆ ತುಡುಂಗ್, ಅಂದರೆ ಮಲಯ್ ಹೆಂಗಸರ ತಲೆವಸ್ತ್ರ, ಬಿಗಿಯಾಗಿ ಸುತ್ತಿಕೊಂಡ ನಲವತ್ತರ ಹೆಂಗಸು. ನನ್ನನ್ನು ಕಂಡದ್ದೇ ಎದ್ದು ನಿಂತಳು.

‘ನಮಸ್ಕಾರ ಮೇಡಂ. ಎಲ್ಲಿ ನೋವುಂಟು? ಊಟ ಸೇರ್ತದಾ?’

ನಾನು ದಂಗಾಗಿ ಹೋದೆ. ನಮ್ಮ ವಾರ್ಡಿನ ಕನ್ನಡ, ನಮ್ಮ ಕಡೆಯ ರಾಗದಲ್ಲೇ! ನಮ್ಮ ಕಾಲೇಜಿಗೆ ಮಲೇಷ್ಯಾದಿಂದ ವರ್ಷವೂ ಮಕ್ಕಳು ಬರುತ್ತಿದ್ದರು, ರೋಗಿಗಳ ಹತ್ತಿರ ಮಾತಾಡಲು ಇಷ್ಟಿಷ್ಟು ಕನ್ನಡ ಕಲಿಯುತ್ತಿದ್ದರು. ಈಕೆ ಅವರಲ್ಲೊಬ್ಬಳು. ನನ್ನ ವಿದ್ಯಾರ್ಥಿನಿ. ನನಗೆ ಮುಖ ಕೂಡ ನೆನಪಾಗಲಿಲ್ಲ. ಅವಳಿಗೆ ನನ್ನ ಬೈಗುಳಗಳು ಸಹ ನೆನಪಿದ್ದವು. ಕುರ್ಚಿ ಎಳೆದು ಕೊಟ್ಟಳು, ಟೀ ತರಿಸಿದಳು. ನನ್ನ ಎದೆ ಹಗುರಾಯಿತು. ನಮ್ಮ ಹುಡುಗಿ, ನೋಡಿಕೊಳ್ಳುತ್ತಾಳೆ ಎಂದುಕೊಂಡೆ. ಸಂಜೆ ಮಾಮಕ್, ಅಂದರೆ ಇಲ್ಲಿನ ತಮಿಳು ಮುಸಲ್ಮಾನರ ಹೋಟೆಲಿನಿಂದ, ರೊಟ್ಟಿ ತಪಾವ್ ಮಾಡಿಸಿಕೊಂಡು ಖುಷಿಯಲ್ಲಿ ಮನೆಗೆ ಬಂದೆ. ತಪಾವ್ ಎಂದರೆ ನಮ್ಮ ಪಾರ್ಸೆಲ್ಲೇ.

ಮೂರು ವಾರದ ನಂತರ ಮೊದಲ ಮೌಲ್ಯಮಾಪನ. ಆರು ಮಂದಿ ವಿದ್ಯಾರ್ಥಿಗಳಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ಪಾಠ ಮಾಡಬೇಕು, ನೊರ್ಲಿನಾ ಹಿಂದೆ ನಿಂತು ನೋಡುತ್ತಾಳೆ. ಇದು ನನಗೆ ನೀರು ಕುಡಿದಷ್ಟು ಸುಲಭ. ಹಾಸಿಗೆಯ ಮೇಲೆ ಎಪ್ಪತ್ತರ ಆಸುಪಾಸಿನ ರಹೀಮ್ ಎಂಬವರು. ನಾನು ಹೋದವಳೇ ‘ಕೇಸ್ ಏನು?’ ಎಂದು ವಿದ್ಯಾರ್ಥಿಯನ್ನು ಕೇಳಿದೆ, ಹೊದಿಕೆ ಸರಿಸಿದೆ, ಅಂಗಿ ಎತ್ತಿದೆ, ಯಕೃತ್ತಿನ ಅಂಚು ಹುಡುಕಿದೆ. ಕೈಗೆ ಗಟ್ಟಿಯಾಗಿ, ಗಂಟುಗಂಟಾಗಿ ಸಿಕ್ಕಿತು. ಒಬ್ಬೊಬ್ಬರಾಗಿ ಮುಟ್ಟಿ ನೋಡಿ ಎಂದು ಆರು ಜನರಿಗೂ ಹೇಳಿದೆ. ಆಮೇಲೆ ಇಂಗ್ಲಿಷಿನಲ್ಲಿ, ದನಿ ಎತ್ತರಿಸಿ, ಇದು ಮೆಲಿಗ್ನೆಂಟ್, ಅಂದರೆ ಕ್ಯಾನ್ಸರ್ ಗಡ್ಡೆ, ಇರುವ ಸಾಧ್ಯತೆಯೇ ಹೆಚ್ಚು, ಹಾಗಿದ್ದರೆ ಇಂಥವರು ಎಷ್ಟು ತಿಂಗಳು ಉಳಿಯಬಹುದು, ಯಾರು ಹೇಳ್ತೀರಿ, ಎಂದು ಕೇಳಿದೆ.

ಊರಿನಲ್ಲಿ ನಾವೆಲ್ಲ ಮಾಡುತ್ತಿದ್ದದ್ದು ಇದನ್ನೇ. ರೋಗಿಗೆ ಇಂಗ್ಲಿಷ್ ಬರುವುದಿಲ್ಲ ಎಂಬ ಧೈರ್ಯದಲ್ಲಿ ಅವರ ಎದುರಿಗೇ ಅವರ ಸಾವಿನ ಬಗ್ಗೆ ಮಾತಾಡುವುದು.

ಮಲಗಿದ್ದವರು ಬಾಯಿ ತೆರೆದರು. ಒಳ್ಳೆಯ ಇಂಗ್ಲಿಷು, ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ. ‘ಡಾಕ್ಟರ್, ಮೂವತ್ತು ವರ್ಷ ನಾನು ಶಾಲೆಯಲ್ಲಿ ಇಂಗ್ಲಿಷ್ ಕಲಿಸಿದ್ದೇನೆ. ನೀವೀಗ ಹೇಳಿದ್ದು ನನ್ನ ಬಗ್ಗೆ ತಾನೇ?’

ನಾನು ಅಷ್ಟಕ್ಕೆ ಸುಮ್ಮನಾಗಿದ್ದರೆ ಒಂದು ಮಾತು. ‘ಛೆ ಛೆ, ಹಾಗೇನೂ ಇಲ್ಲ, ನೀವು ಹೆದರ್ಬೇಡಿ. ನಿಮ್ಮ ಮಗನನ್ನು ಕಳಿಸಿ, ಅವರ ಹತ್ತಿರ ಮಾತಾಡ್ತೇನೆ’ ಎಂದೆ.

‘ಮಗನ ಹತ್ತಿರ ಯಾಕೆ?’ ಎಂದರು ಮೇಷ್ಟ್ರು. ‘ಕಾಯಿಲೆ ನನಗಲ್ಲವೇ?’

ಅಂಗಿ ತಾವೇ ಕೆಳಗೆ ಎಳೆದುಕೊಂಡರು. ನನ್ನ ಆರು ಜನ ವಿದ್ಯಾರ್ಥಿಗಳೂ ನೆಲ ನೋಡುತ್ತ ನಿಂತಿದ್ದರು.

ಮಧ್ಯಾಹ್ನ ವರದಿ ಕೈಗೆ ಬಂತು. ಜ್ಞಾನ: ಅತ್ಯುತ್ತಮ. ಒಟ್ಟು: ತೃಪ್ತಿಕರವಲ್ಲ. ಕೆಳಗೆ ನೊರ್ಲಿನಾಳ ಸಹಿ. ಸಿಟ್ಟು ನೆತ್ತಿಗೇರಿತು. ನೇರ ಅವಳ ಕೋಣೆಗೆ ನುಗ್ಗಿದೆ.

‘ಹಳೇ ಸೇಡು ತೀರಿಸ್ಕೊಳ್ತಾ ಇದ್ದೀಯಾ?’ ಎಂದು ಕೇಳಿಯೇ ಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ಅವಳು ಬಾಗಿಲು ಮುಚ್ಚಿ ಬಂದು ಕೂತಳು. ಹೇಳಬೇಕಾದದ್ದಕ್ಕೆ ಸಾಕಾಗುವಷ್ಟು ಕನ್ನಡ ಅವಳಲ್ಲಿ ಇರಲಿಲ್ಲ, ಇಂಗ್ಲಿಷಿನಲ್ಲೇ ಹೇಳಿದಳು. ‘ಮೇಡಂ, ನಾನು ಓದು ಮುಗಿಸಿ ವಾಪಸು ಬಂದ ವರ್ಷ ಇಲ್ಲಿ ರೌಂಡ್ಸ್ ಮಾಡಿದ್ದು ಥೇಟ್ ನಿಮ್ಮ ಹಾಗೆ. ನಿಲ್ಲುವ ರೀತಿ, ಕೈ ಚಾಚುವ ರೀತಿ, ಎಲ್ಲ. ನಿಮ್ಮ ಹಾಗಾಗಬೇಕು ಅಂತ ಆಸೆ ಇತ್ತು. ಒಬ್ಬ ರೋಗಿಯ ತಾಯಿ ನನ್ನ ಮೇಲೆ ದೂರು ಬರೆದಳು. ನನ್ನ ತರಬೇತಿ ಆರು ತಿಂಗಳು ಮುಂದೆ ಹೋಯಿತು.’

‘ನನ್ನ ಹೆಸರು ಹೇಳಿದ್ಯಾ?’

‘ಇಲ್ಲ ಮೇಡಂ’ ಎಂದು ಕನ್ನಡದಲ್ಲಿ ಹೇಳಿದಳು. ‘ತಪ್ಪು ನಂದು ಅಂತ ಬರ್ದು ಕೊಟ್ಟೆ.’

ಇಪ್ಪತ್ತೆರಡು ವರ್ಷದಲ್ಲಿ ನನ್ನ ಕೈಕೆಳಗೆ ಕಲಿತು ಹೋದವರೆಷ್ಟೋ. ನಾನು ಅವರಿಗೆ ಹೊಟ್ಟೆ ಮುಟ್ಟುವುದನ್ನು ಕಲಿಸಿದ್ದೆ, ಹೊಟ್ಟೆಯ ಒಡೆಯನ ಮುಖ ನೋಡುವುದನ್ನು ಕಲಿಸಿರಲಿಲ್ಲ. ಆವತ್ತು ರೈಲಿನಲ್ಲಿ ನಿಂತುಕೊಂಡೇ ಬಂದೆ, ಸೀಟು ಖಾಲಿ ಇದ್ದದ್ದು ಕಣ್ಣಿಗೇ ಬೀಳಲಿಲ್ಲ.

ಇನ್ನೊಂದು ಅವಕಾಶವಿತ್ತು, ಅದೇ ಕೊನೆಯದು. ನೊರ್ಲಿನಾ ನನ್ನನ್ನು ಎರಡನೆಯ ವರ್ಷದ ಮಕ್ಕಳ ಜೊತೆ ಒಂದು ತರಗತಿಗೆ ಕಳಿಸಿದಳು. ರೋಗಿಯ ಹತ್ತಿರ ಮಾತಾಡುವುದು ಹೇಗೆ ಎಂಬುದೇ ಅಲ್ಲಿನ ಪಾಠ. ರೋಗಿಯ ಪಾತ್ರ ಮಾಡಲು ಹೊರಗಿನಿಂದ ಜನ ಬರುತ್ತಾರೆ. ನನಗೆ ಸಿಕ್ಕಿದ್ದು ನಿವೃತ್ತ ಬಸ್ ಚಾಲಕಿಯೊಬ್ಬಳು. ನಾನು ಇದ್ದ ವಿದ್ಯೆಯನ್ನೆಲ್ಲ ಉಪಯೋಗಿಸಿ ವಿಚಾರಿಸಿದೆ. ಕೊನೆಗೆ ಅವಳು ಹೇಳಿದ್ದಿಷ್ಟೇ: ‘ಪ್ರೊಫ್, ನೀವು ನನ್ನ ಹೆಸರೇ ಕೇಳಲಿಲ್ಲ.’ ಹತ್ತೊಂಬತ್ತರ ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾನೂ ನಕ್ಕೆ, ಮತ್ತೇನು ಮಾಡಲಿ?

ಕನ್ನಡಿಯ ಎದುರು ಮಲಯ್ ಕಲಿತೆ. ‘ಬೊಲೆ ಸಾಯ ಪೆರಿಕ್ಸ?’, ನಾನು ಪರೀಕ್ಷಿಸಬಹುದೇ? ಶಬ್ದಗಳು ಸುಲಭ, ಕೇಳಿದ ಮೇಲೆ ಉತ್ತರಕ್ಕೆ ಕಾಯುವುದು ಕಷ್ಟ. ವಾರ್ಡಿನಲ್ಲಿ ಸಿಕ್ಕವರೆಲ್ಲ ‘ಸುದಾ ಮಕಾನ್?’ ಎನ್ನುತ್ತಿದ್ದರು. ಊಟ ಆಯ್ತಾ ಎಂದು ಅರ್ಥ. ಊಟ ಆಯ್ತಾ ಎಂದು ಕೇಳುವ ಜನ ಎಂದು ತಿಳಿದ ಮೇಲೆ ನನಗೆ ಈ ಊರಿನ ಮೇಲಿದ್ದ ಅರ್ಧ ಸಿಟ್ಟು ಇಳಿಯಿತು. ಮೊದಲ ದಿನ ಫೈಲು ಅಡ್ಡ ಹಿಡಿದವಳೇ ನನ್ನ ಉಚ್ಚಾರಣೆ ತಿದ್ದಿದಳು.

ಎರಡನೆಯ ಮೌಲ್ಯಮಾಪನದ ದಿನ ವಾರ್ಡಿನಲ್ಲಿ ನನ್ನ ಪಾಲಿಗೆ ಬಂದ ಹಾಸಿಗೆಯ ಮೇಲೆ ಯಾರು? ರಹೀಮ್ ಮೇಷ್ಟ್ರು! ಚಿಕಿತ್ಸೆಗೆಂದು ಮತ್ತೆ ದಾಖಲಾಗಿದ್ದರು, ಅರ್ಧಕ್ಕರ್ಧ ಇಳಿದುಹೋಗಿದ್ದರು. ಪರದೆ ಎಳೆದೆ, ಹೆಸರು ಹಿಡಿದು ಮಾತಾಡಿಸಿದೆ, ಕುರ್ಚಿಯಲ್ಲಿ ಕೂತು ಅವರ ಮುಖಕ್ಕೆ ಮುಖ ಕೊಟ್ಟು ಕೇಳಿದೆ: ‘ಬೊಲೆ ಸಾಯ ಪೆರಿಕ್ಸ?’

‘ತಾ ಬೊಲೆ’ ಎಂದರು. ಆಗುವುದಿಲ್ಲ. ‘ನೀವು ಬೇಡ, ಡಾಕ್ಟರ್.’

ನನ್ನ ಇಡೀ ವೃತ್ತಿಯಲ್ಲಿ ಯಾವ ರೋಗಿಯೂ ನನಗೆ ಬೇಡ ಎಂದಿರಲಿಲ್ಲ. ಅನ್ನಬಹುದು ಎಂಬುದೇ ನನಗೆ ಹೊಳೆದಿರಲಿಲ್ಲ. ಒಂದು ಕ್ಷಣ ಬೇಡಿಕೊಳ್ಳೋಣ ಎನ್ನಿಸಿತು: ಸರ್, ನನ್ನ ಕೆಲಸ ನಿಮ್ಮ ಹೊಟ್ಟೆಯ ಮೇಲೆ ನಿಂತಿದೆ, ಒಂದೇ ನಿಮಿಷ. ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ.

‘ಸರಿ ಸರ್’ ಎಂದೆ. ‘ಆವತ್ತು ನೀವು ಎದುರಿಗೇ ಇದ್ದೀರಿ ಅನ್ನೋದನ್ನೂ ಮರೆತು ಮಾತಾಡಿದೆ. ಅದೂ ಸಾಲದು ಅಂತ ಸುಳ್ಳು ಹೇಳಿದೆ. ನನ್ನದು ತಪ್ಪಾಯ್ತು.’

‘ಕ್ಷಮಿಸಿದ್ದೇನೆ. ಮುಟ್ಟುವುದು ಮಾತ್ರ ಬೇಡ’ ಎಂದರು. ಆಮೇಲೆ ಅವರೇ ನನ್ನ ಹಿಂದೆ ನಿಂತಿದ್ದ ವಿದ್ಯಾರ್ಥಿನಿಯತ್ತ ಬೆರಳು ತೋರಿಸಿದರು. ‘ಆ ಹುಡುಗಿ ನೋಡಲಿ.’ ಅವಳು ಕೇಳಿದಳು, ಅವರು ಹ್ಞೂಂಗುಟ್ಟಿದರು, ನಾನು ಎರಡು ಹೆಜ್ಜೆ ದೂರ ನಿಂತು ಅವಳಿಗೆ ಏನು ತಗುಲುತ್ತಿದೆ ಎಂದು ಮೆಲ್ಲಗೆ ಕೇಳುತ್ತ ಹೋದೆ. ಮೇಷ್ಟ್ರಿಗೂ ಅದನ್ನೇ ಅವರ ಭಾಷೆಯಲ್ಲಿ ಹೇಳಿಸಿದೆ. ಹೊರಗೆ ಬಂದಾಗ ಸೂಟ್‌ಕೇಸಿನ ಬೀಗದ ಕೈ ಎಲ್ಲಿಟ್ಟಿದ್ದೇನೆ ಎಂದು ಯೋಚಿಸುತ್ತಿದ್ದೆ. ನೊರ್ಲಿನಾ ಕಾರಿಡಾರಿನಲ್ಲೇ ಫಾರಂ ಗೋಡೆಗಿಟ್ಟು ಬರೆದಳು. ತೃಪ್ತಿಕರ.

‘ನಾನು ರೋಗಿಯನ್ನು ಮುಟ್ಟಲೇ ಇಲ್ಲವಲ್ಲೇ!’

‘ಗೊತ್ತುಂಟು ಮೇಡಂ’ ಎಂದಳು.

ಹೀಗೆ ನನ್ನ ಹೆಸರು ಪಟ್ಟಿಗೆ ಸೇರಿತು. ರಜೆಗೆ ಊರಿಗೆ ಬಂದೆ. ಮಲೇಷ್ಯಾದಲ್ಲಿ ನಾನು ‘ಇಂಡಿಯಾ ಪ್ರೊಫ್’, ಇಲ್ಲಿ ಪ್ರಸನ್ನನ ಬಾಯಲ್ಲಿ ಆಗಲೇ ‘ನಿಮ್ಮ ಮಲೇಷ್ಯಾದಲ್ಲಿ ಹೇಗೆ ಮೇಡಂ?’ ಎಂದಾಗಿತ್ತು. ಹಳೆಯ ವಾರ್ಡಿಗೆ ಕರೆದುಕೊಂಡು ಹೋದ. ಒಂದು ಕೇಸಿನ ಬಗ್ಗೆ ನನ್ನ ಅಭಿಪ್ರಾಯ ಬೇಕಿತ್ತು. ಹಾಸಿಗೆಯ ಮೇಲೆ ಅಪ್ಪಿ ಎಂಬ ಮುದುಕಿ, ಬದುಕಿಡೀ ಗದ್ದೆ ಕೆಲಸ ಮಾಡಿದವರು. ನಮ್ಮನ್ನು ಕಂಡದ್ದೇ ಅಭ್ಯಾಸದಂತೆ ಸೆರಗು ಸರಿಸಿದರು.

ನಾನು ಪರದೆ ಎಳೆದೆ. ಪಕ್ಕದಲ್ಲಿ ಕೂತೆ. ‘ಅಪ್ಪಿಯಮ್ಮ, ನಿಮ್ಮ ಹೊಟ್ಟೆ ಮುಟ್ಟಿ ನೋಡ್ಬಹುದಾ?’ ಎಂದು ಕೇಳಿ ಕಾದೆ.

ಅವರ ಮುಖ ಸಣ್ಣಗಾಯಿತು. ಸರಿಸಿದ ಸೆರಗನ್ನು ಮತ್ತೆ ಹೊದ್ದುಕೊಂಡರು.

‘ಎಂತಕ್ಕಮ್ಮ ಕೇಳೂದು?’ ಎಂದರು. ‘ನಮ್ಮಂಥವರನ್ನು ಮುಟ್ಲಿಕ್ಕೆ ಹೇಸಿಗೆ ಆಗ್ತದಾ? ಬೆಳಿಗ್ಗೆಯೇ ಮಿಂದಿದ್ದೇನೆ. ಬೇಕಾದ್ರೆ ಸಿಸ್ಟರ್ ಹತ್ರ ಕೇಳಿ.’

ನಾನು ಎರಡೂ ಕೈಗಳನ್ನು ಅವರ ಹೊಟ್ಟೆಯ ಮೇಲಿಟ್ಟೆ. ಅಪ್ಪಿಯಮ್ಮ ನೆಮ್ಮದಿಯಿಂದ ಉಸಿರು ಬಿಟ್ಟು ಕಣ್ಣು ಮುಚ್ಚಿದರು. ನಾನು ಯಾವ ಊರಿನ ಡಾಕ್ಟರು ಎಂದು ಆಗ ಯಾರಾದರೂ ಕೇಳಿದ್ದರೆ, ದೇವರಾಣೆ, ನನಗೆ ಹೇಳಲು ಬರುತ್ತಿರಲಿಲ್ಲ.