ಗಿರಣಿ ಕಟ್ಟೆಯ ಮೇಲಿನ ಚೀಲಗಳು

ಕಳೆದ ಮಂಗಳವಾರ ಬೆಳಗ್ಗೆ ನಾನು ಒಂದಿಡೀ ಊರನ್ನು ಸೊನ್ನೆ ಮಾಡಿಬಿಟ್ಟೆ. ಬಾಲ್‌ಪೆನ್ನಿನಲ್ಲಿ. ಕೆಳಗೆ ಸಹಿ ಬೇರೆ.

ಆದದ್ದಿಷ್ಟು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರನ್ನೂ ಸುತ್ತಲಿನ ಹಳ್ಳಿಗಳ ಜೊತೆ ಹೆಣೆಯುವ ಹೊಸ ಬಸ್ ಯೋಜನೆಯೊಂದು ತಯಾರಾಗುತ್ತಿದೆ. ಬೈಕು, ಕಾರು ಕಡಿಮೆಯಾಗಬೇಕು, ಹೊಗೆ ತಗ್ಗಬೇಕು, ಹೊತ್ತಿಗೆ ಸರಿಯಾಗಿ ಬಸ್ ಸಿಗಬೇಕು. ಮಾತು ಚಂದ. ಚಂದದ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ (ಕಾಲೇಜಿನುದ್ದಕ್ಕೂ ಚರ್ಚಾಸ್ಪರ್ಧೆಗಳಲ್ಲಿ ಮೇಜು ಗುದ್ದಿದ್ದರ ಫಲ). ಯೋಜನೆಯ ಬಗ್ಗೆ ಜನರ ಅಭಿಪ್ರಾಯ ಕೇಳಲು ಕರೆದಿದ್ದ ಸಭೆಯಲ್ಲಿ ಎದ್ದು ನಿಂತೆ.

“ಅಂಕಿ ಎಲ್ಲೈತ್ರಿ ಸರ್? ಯಾವ ಸ್ಟಾಪಿನ್ಯಾಗ ಎಷ್ಟ್ ಮಂದಿ ಹತ್ತತಾರ, ಎಣಿಸೀರೇನು?”

ಯೋಜನೆಯ ಮುಖ್ಯಸ್ಥರು ನಕ್ಕರು. “ಎಣಿಸಾಕ ಮಂದಿ ಬೇಕಲ್ಲವ್ವಾ. ತಗೋ ಫಾರ್ಮು, ನೀನ ಎಣಿಸು.”

ವಾದದಲ್ಲಿ ಗೆದ್ದವರಿಗೆ ಇಂಥ ಬಹುಮಾನವೇ ಸಿಗುವುದು.

ನನ್ನ ಪಾಲಿಗೆ ಬಂದದ್ದು ಅಗಡಿಯಿಂದ ಆಚೆಗಿರುವ ನಮ್ಮ ಚಿಗವ್ವನ (ಚಿಕ್ಕಮ್ಮನ) ಊರು. ಏಳಕ್ಕೆಲ್ಲ ಸ್ಕೂಟಿಯಲ್ಲಿ ಅಲ್ಲಿದ್ದೆ. (ಹೌದು, ಬಸ್ಸಿಗೆ ಹೋಗುವವರನ್ನು ಎಣಿಸಲು ಸ್ಕೂಟಿಯಲ್ಲಿ. ಈಗಲೇ ನಗಬೇಡಿ, ಮುಂದೆ ಬೇಕಾಗುತ್ತದೆ.) ಊರ ಬಾಯಲ್ಲೇ ಹಿಟ್ಟಿನ ಗಿರಣಿ. ಅದರ ಕಟ್ಟೆಯ ಮೇಲೆ ಸಾಲಾಗಿ ಚೀಲಗಳು. ವಾಯರಿನ ಬುಟ್ಟಿ, ಕೈಚೀಲ, ಹಾಲಿನ ಕ್ಯಾನು, ಕಾಲೇಜಿನ ಬ್ಯಾಗು. ಬೆಳಗ್ಗೆಯೇ ಎಷ್ಟೊಂದು ಜನ ಜೋಳ ಬೀಸಿಸಲು ಇಟ್ಟಿದ್ದಾರಲ್ಲ ಅಂದುಕೊಂಡೆ. ಹಾಲಿನ ಕ್ಯಾನಿನಲ್ಲಿ ಯಾರು ಜೋಳ ತರುತ್ತಾರೆ? ಈ ಪ್ರಶ್ನೆ ಆಗ ಹೊಳೆಯಲಿಲ್ಲ.

ಗಿರಣಿ ದಾಟಿ, ತಿರುವು ಕಳೆದರೆ ಬಸ್ ತಂಗುದಾಣ. ನನ್ನ ಫಾರ್ಮಿನಲ್ಲಿದ್ದ ಸ್ಟಾಪು ಅದೇ. ನೆಲದ ತುಂಬ ಯಾರೋ ಮೆಣಸಿನಕಾಯಿ ಹರವಿದ್ದರು. ಒಂದು ಮೂಲೆಯಲ್ಲಿ ಜಾಗ ಮಾಡಿಕೊಂಡು ಕುಳಿತೆ. ಮುಕ್ಕಾಲು ತಾಸಿಗೆ ಬಸ್ ಬಂತು. ಭರ್ತಿಯಾಗಿತ್ತು. ನಿಲ್ಲದೇ ಹೋಯಿತು. ಹತ್ತಿದವರು: ಸೊನ್ನೆ. ಷರಾ ಬರೆಯಲು ಜಾಗವಿತ್ತು, ಖಾಲಿ ಬಿಡುವ ಜಾಯಮಾನ ನನ್ನದಲ್ಲ: “ಈ ಊರಿಗೆ ಬೆಳಗಿನ ಬಸ್ಸಿನ ಅಗತ್ಯ ಕಾಣುವುದಿಲ್ಲ.” ಫೋಟೋ ಹೊಡೆದು ವಾಟ್ಸಾಪಿನಲ್ಲಿ ಕಳಿಸಿದೆ. ಅಂಕಿ ಎಲ್ಲಾದರೂ ಸುಳ್ಳು ಹೇಳುತ್ತದೆಯೇ?

ಇನ್ನು ಚಿಗವ್ವನ ಮನೆಯ ಬಿಸಿರೊಟ್ಟಿ ಎಂದು ಹೋದರೆ ಬಾಗಿಲಿಗೆ ಕೀಲಿ. ಫೋನ್ ಮಾಡಿದೆ.

“ಚಿಗವ್ವಾ, ಎಲ್ಲಿದಿ?”

“ಬಸ್ಸಿನ್ಯಾಗ ಅದೀನವ್ವಾ. ಹಾವೇರಿ ಮ್ಯಾಲೆ ಬ್ಯಾಡಗಿಗೆ ಹೊಂಟೇನಿ.”

“ಯಾವ ಬಸ್ಸು?”

“ನಮ್ಮೂರಿಗೆ ಏನ್ ಹತ್ತ ಬಸ್ ಬರ್ತಾವೇನ? ಈಗ ಹೋತಲ್ಲ, ಅದ.”

“ನಾ ಸ್ಟಾಪಿನ್ಯಾಗ ಕುಂತಿದ್ದೆ. ಒಬ್ಬರೂ ಹತ್ತಲಿಲ್ಲ!”

“ನಿನ್ನ ಕಿಡಕ್ಯಾಗಿಂದ ನೋಡಿದ್ವಿ ಬಿಡ ಬೇ. ಈಕಿ ಯಾವಾಗಿಂದ ಮೆಣಸಿನಕಾಯಿ ಕಾಯಾಕತ್ತಾಳ ಅಂತ ಮಾತಾಡಕೋತ ಹೊಂಟೇವಿ.”

ಹಿಂದಿನಿಂದ ಬಸ್ಸಿಗೆ ಬಸ್ಸೇ ನಕ್ಕದ್ದು ಕೇಳಿಸಿತು.

ವಿಷಯ ಆಮೇಲೆ ತಿಳಿಯಿತು. ಆ ಊರಲ್ಲಿ ಬಸ್ಸಿಗೆ ಜನ ಕಾಯುವುದಿಲ್ಲ, ಚೀಲಗಳು ಕಾಯುತ್ತವೆ. ಎದ್ದ ಕೂಡಲೇ ಗಿರಣಿ ಕಟ್ಟೆಯ ಮೇಲೆ ಚೀಲ ಇಟ್ಟು ಮನೆಗೆ ಹೋಗುತ್ತಾರೆ. ರೊಟ್ಟಿ ಬಡಿಯುತ್ತಾರೆ, ಎಮ್ಮೆ ಹಿಂಡುತ್ತಾರೆ, ಜಡೆ ಹಾಕಿಕೊಳ್ಳುತ್ತಾರೆ. ಕಾಲುವೆಯ ಹತ್ತಿರ ಡ್ರೈವರ್ ಹಾರ್ನ್ ಹೊಡೆದರೆ ಓಡಿ ಬಂದು, ಚೀಲ ಇಟ್ಟ ಪಾಳಿಯಲ್ಲೇ ಹತ್ತುತ್ತಾರೆ. ಆ್ಯಪ್ ಇಲ್ಲ, ಟೋಕನ್ ಇಲ್ಲ, ಜಗಳ ಮೊದಲೇ ಇಲ್ಲ. ಬಸ್ಸು ನಿಲ್ಲುವುದೂ ಅಲ್ಲೇ. ತಂಗುದಾಣ ಇರುವುದು ಮೆಣಸಿನಕಾಯಿಗೆ. ಮತ್ತು ನನಗೆ.

ನಗು ಅಲ್ಲಿಗೇ ನಿಂತಿತು. ಚಿಗವ್ವ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸಕ್ಕೆ ಹೋಗುತ್ತಾಳೆ. ಮಾಲು ಹಂಚುವ ಹೊತ್ತಿಗೆ ಅಲ್ಲಿರಬೇಕು. ತಡವಾಗಿ ಹೋದವರಿಗೆ ಆ ದಿನ ಕೆಲಸವಿಲ್ಲ. ಹೊತ್ತಿಗೆ ಮುಟ್ಟಿಸುವುದು ಆ ಒಂದೇ ಬಸ್ಸು. ಅದರ ಅಗತ್ಯವಿಲ್ಲ ಎಂದು ಬರೆದು ಕಳಿಸಿದವಳು ಅವಳ ರೊಟ್ಟಿ ತಿಂದು ಬೆಳೆದ ನಾನು.

ಮುಖ್ಯಸ್ಥರಿಗೆ ಫೋನ್ ಮಾಡಿದೆ. “ಆ ಬಸ್ಸು ತೆಗದು ಬ್ಯಾರೆ ಕಡೆ ಹಾಕಾಕ ಗುರುತು ಮಾಡೀವಲ್ಲವಾ,” ಎಂದರು. “ಎಣಿಸಿದಾಕಿನೂ ನೀನ, ತಪ್ಪಂತ ಹೇಳಾಕಿನೂ ನೀನ. ಯಾರ ಮಾತ ನಂಬಲಿ?”

ಸ್ಪರ್ಧೆಗಳಲ್ಲಿ ಒಂದೇ ವಾರ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಎರಡಕ್ಕೂ ಕಪ್ ಗೆದ್ದವಳು ನಾನು. ನನ್ನದೇ ಸಹಿಯ ವಿರುದ್ಧ ಮಾತಾಡಿದ್ದು ಇದೇ ಮೊದಲು. “ಯಾರ್ನೂ ನಂಬಬ್ಯಾಡ್ರಿ ಸರ್. ನೀವ ಬಂದ ನೋಡ್ರಿ,” ಎಂದೆ.

ಗುರುವಾರ ಬೆಳಗ್ಗೆ ಬಂದರು. ಕಾರಿನಲ್ಲಿ. (ಸ್ಕೂಟಿಯವಳು ಆಡಿಕೊಳ್ಳುವಂತಿರಲಿಲ್ಲ.) ಚಿಗವ್ವ ಅವರ ಲ್ಯಾಪ್‌ಟಾಪ್ ಚೀಲಕ್ಕೇ ಕೈ ಹಾಕಿದಳು.

“ಚೀಲ ಇಡ್ರಿ ಸಾಹೇಬ್ರ. ಇಲ್ಲಾಂದ್ರ ಪಾಳಿ ಸಿಗಂಗಿಲ್ಲ.”

“ನಾ ಕಾರಿನ್ಯಾಗ...”

“ಬಸ್ ನೋಡಾಕ ಬಂದು ಕಾರಿನ್ಯಾಗ ಹೊಕ್ಕೀರೇನ್ರಿ? ನಾಳೆ ಹೋಟ್ಲದ ಮುಂದ ನಿಂತು ಊಟ ಆತು ಅಂತೀರಿ!”

ಚೀಲ ಹಾಲಿನ ಕ್ಯಾನಿನ ಹಿಂದೆ ಕುಳಿತಿತು.

ಆದರೆ ಆವತ್ತು ಕಟ್ಟೆ ತುಂಬಿ ನೆಲಕ್ಕೂ ಚೀಲ ಇಳಿದಿದ್ದವು. ಎಣಿಸಲು ಬರುತ್ತಾರೆಂದು ಊರಿಗೆಲ್ಲ ಗೊತ್ತಾಗಿತ್ತು. ಗಿರಣಿಯ ಮಲ್ಲಪ್ಪ ತನ್ನ ಖಾಲಿ ಗೋಣಿಚೀಲಗಳನ್ನೆಲ್ಲ ತಂದು ಸಾಲಿಗೆ ಸೇರಿಸಿದ್ದ. ಊರಿನ ಮಾನದ ಪ್ರಶ್ನೆಯಂತೆ! ಒಂದು ಸುಳ್ಳನ್ನು ಇನ್ನೊಂದು ಸುಳ್ಳಿನಿಂದ ತಿದ್ದಬಹುದೇ? ನಾನು ಜಗಳಕ್ಕೆ ನಿಂತೆ. ಚಿಗವ್ವ ಅಡ್ಡ ಬಂದಳು.

“ಹಾರ್ನ್ ಆಗೂಮಟ ತಡಿಯವ್ವಾ. ಚೀಲ ಸುಳ್ಳ ಹೇಳಬಹುದು. ಓಡೋ ಕಾಲ ಹೇಳಂಗಿಲ್ಲ.”

ಹಾರ್ನ್ ಆಯಿತು. ಅಬ್ಬಾ, ಆ ನೋಟ! ಓಣಿ ಓಣಿಯಿಂದ ಜನ. ಕೈಯ ಹಿಟ್ಟು ಸೆರಗಿಗೆ ಒರೆಸಿಕೊಳ್ಳುತ್ತ ಒಬ್ಬಾಕೆ, ಅರ್ಧ ಜಡೆಯಲ್ಲಿ ಇಬ್ಬರು ಹುಡುಗಿಯರು, ಬಾಯಲ್ಲಿ ರೊಟ್ಟಿ ಕಚ್ಚಿಕೊಂಡೇ ಒಬ್ಬಾತ. ಕೊನೆಗೆ, ಟೀ ಲೋಟ ಮಲ್ಲಪ್ಪನ ಕೈಗಿಟ್ಟು, ಮುಖ್ಯಸ್ಥರು. ಮಲ್ಲಪ್ಪನ ಗೋಣಿಚೀಲಗಳು ಮಾತ್ರ ಇದ್ದಲ್ಲೇ ಉಳಿದವು. ನಾನು ಬಾಗಿಲಲ್ಲಿ ನಿಂತು ಒಂದೊಂದೇ ತಲೆ ಎಣಿಸಿದೆ. ಊರಿನವರು ಹದಿನೇಳು.

“ಸಾಹೇಬ್ರ, ಹದಿನೆಂಟನೇ ಪಾಳಿ ನಿಮ್ದು. ಒಳಗ ಸರೀರಿ!” ಕಂಡಕ್ಟರ್ ಕೂಗಿದ.

ಸರಿದರು. ಹಿಂದೆಯೇ ನಾನೂ ಹತ್ತಿದೆ. ಹಾವೇರಿಯವರೆಗೂ ನಿಂತೇ ಬಂದರು. ಕಂಬಿಗೆ ಒಂದು ಕೈ ಕೊಟ್ಟು, ಇನ್ನೊಂದು ಕೈಯಲ್ಲಿ ಮೊಬೈಲಿನ ನಕ್ಷೆ ತೆಗೆದು, ತಂಗುದಾಣದ ಚುಕ್ಕೆ ಅಳಿಸಿ ಗಿರಣಿಯ ಮುಂದೆ ಇಟ್ಟರು. ಬಸ್ಸು ಉಳಿಯಿತು. ಚಿಗವ್ವ ಅವರ ಕೈಗೆ ಶೇಂಗಾ ಚಟ್ನಿ ಸವರಿದ ರೊಟ್ಟಿಯೊಂದನ್ನು ಸುತ್ತಿ ಕೊಟ್ಟಳು. ನನಗೆ ಕೊಡಲಿಲ್ಲ. “ನಿನಗ ಸೊನ್ನಿ,” ಎಂದಳು. ಇಡೀ ಬಸ್ಸು ಮತ್ತೊಮ್ಮೆ ನಕ್ಕಿತು.

ಸ್ಕೂಟಿ, ಕಾರು ಎರಡೂ ಗಿರಣಿಯ ಮುಂದೆಯೇ ಉಳಿದಿದ್ದವು. ತರಲು ಸಂಜೆ ಇಬ್ಬರೂ ಅದೇ ಬಸ್ಸಿನಲ್ಲಿ ಹೋದೆವು. ದಾರಿಯಲ್ಲಿ ಅವರು, “ಫಾರ್ಮಿನ್ಯಾಗ ಇನ್ನೇನರ ಸೇರಿಸಬೇಕೇನವಾ?” ಎಂದು ಕೇಳಿದರು. ನನಗೆ ಹೊಳೆದದ್ದು ಒಂದೇ ಪ್ರಶ್ನೆ. ಅದನ್ನು ಊರಿನವರಿಗಲ್ಲ, ಫಾರ್ಮು ಹಿಡಿದು ಸ್ಕೂಟಿ, ಕಾರು ಹತ್ತುವ ನಮ್ಮಂಥವರಿಗೇ ಮೊದಲು ಕೇಳಬೇಕು:

ಇವತ್ತು ನಿಮ್ಮ ಚೀಲ ಯಾವ ಕಟ್ಟೆಯ ಮೇಲಿತ್ತು?