ಪಾರ್ವತಿಬಾಯಿ ಹೆಸರಿನ ರೊಟ್ಟಿ

ಶಿವಗಣಾರಾಧನೆಯ ದಿನ ತಾಂಡೂರಿನ ಮನೆಯ ಮುಂದೆ ಶಾಮಿಯಾನ ಹಾಕಿ ತೀರಿಹೋದ ಬಂಡೆಪ್ಪನ ಗುಣಗಾನ ನಡೆಸಿದ್ದರು. ಹೆಸರು ನುಡಿನಮನ, ನುಡಿ ಬೇಕಾದಷ್ಟಿತ್ತು, ನಮನವನ್ನು ಹುಡುಕಬೇಕಿತ್ತು. ಮುಂದಿನ ಸಾಲಿನಲ್ಲಿ ಕೂತ ಹೆಂಡತಿ ಪಾರ್ವತಿಬಾಯಿಗೆ ಒಂದೊಂದು ಭಾಷಣಕ್ಕೂ ಮೈ ಉರಿಯುತ್ತಿತ್ತು.

ಬ್ಯಾನರಿನಲ್ಲಿ ಮಕ್ಕಳು ಅವಳ ಗಂಡನಿಗೆ ಕಂಪ್ಯೂಟರಿನಲ್ಲೇ ಕೋಟು ತೊಡಿಸಿದ್ದರು. ಎಂಬತ್ತೇಳು ವರ್ಷ ಧೋತರದಲ್ಲೇ ಬಾಳಿದವನು ಸತ್ತ ಮೇಲೆ ಸೂಟುಬೂಟಿನ ಸಾಹುಕಾರ! ಬಟ್ಟೆ ತಾನೆ, ಹೋಗಲಿ ಎಂದು ಅವಳು ನುಂಗಿಕೊಂಡಿದ್ದಳು. ಈ ಭಾಷಣಕಾರರು ಬದುಕಿಗೂ ಕೋಟು ಹೊಲಿಯುತ್ತಿದ್ದರು.

ಬಂಡೆಪ್ಪ ತನ್ನ ಊರು ಕಂಗ್ಟಿಯಿಂದ ಬರಿಗೈಯಲ್ಲಿ ಬಂದು, ನೆಲಕ್ಕೆ ಹಾಸುವ ಪರಸಿ ಕಲ್ಲಿನ ಗಣಿ ಸೇರಿದ್ದು ನಿಜ. ಬಂಡೆ ಎಬ್ಬಿಸಿ, ತಂಗಿಯರ ಮದುವೆ ಮಾಡಿ, ಮಕ್ಕಳನ್ನು ಓದಿಸಿದ್ದೂ ನಿಜ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಬಂಧು ಶಿವರಾಯ, ನಿವೃತ್ತ ಹೆಡ್ಮಾಸ್ತರ, ಮೈಕಿಗೆ ಬಾಯಿ ಹಚ್ಚಿ ಕೇಳಿದ:

"ನಮ್ಮ ಅಣ್ಣಾವ್ರ ಆಯುಷ್ಯದ ಗುಟ್ಟು ಗೊತ್ತೇನ್ರಿ? ಪಾರ್ವತಿ ವೈನಿ ಕೈಯಾನ ರೊಟ್ಟಿ!"

ಎಲ್ಲರೂ ಹೌದು ಹೌದು ಎಂದು ತಲೆಯಾಡಿಸಿದರು.

ಆ ಕೈ ರೊಟ್ಟಿ ಬಡಿಯುವುದನ್ನು ಬಿಟ್ಟು ಐವತ್ತು ವರ್ಷದ ಮೇಲಾಗಿತ್ತು. ಮಗ ವೀರಭದ್ರ ಇನ್ನೂ ತೊಟ್ಟಿಲಲ್ಲಿದ್ದಾಗ ಬಾವಿಕಟ್ಟೆಯ ಮೇಲೆ ಜಾರಿ ಮಣಿಕಟ್ಟು ಮುರಿದಿತ್ತು. ಮೂಳೆ ಕೂಡಿತು, ಬಲಗೈಗೆ ಬಲ ಮಾತ್ರ ಬರಲಿಲ್ಲ. ಪಲ್ಯ ಬೇಯಿಸಬಹುದು, ಜೋಳದ ಹಿಟ್ಟನ್ನು ಮಿದ್ದಿ ಬಡಿಯಲು ಆಗದು. ಕೈ ಮುರಿದ ಮರುದಿನ ಬೆಳಗ್ಗೆಯೇ ಬಂಡೆಪ್ಪ ಗಣಿಗೆ ಹೋಗುವ ಮೊದಲು ತಾನೇ ಒಲೆಯ ಮುಂದೆ ಕೂತ.

ಅವನ ತಾಯಿ ಲಚ್ಚಮ್ಮ ಓಡಿಹೋಗಿ ಬಾಗಿಲು ಹಾಕಿದಳು. "ಗಂಡಸು ರೊಟ್ಟಿ ಬಡ್ಯಾದು ಓಣಿಗೆ ಗೊತ್ತಾದ್ರ ಮಾನ ಹೋಗ್ತದ!"

"ಯಾರ ಬಡದ್ರೇನು, ಉಂಡರಾತು ಬಿಡವ್ವ," ಎಂದು ಬಂಡೆಪ್ಪ ನಕ್ಕ.

ಓಣಿಗೆ ಕೇಳಿಸಿದ್ದು ಬಡಿಯುವ ಸಪ್ಪಳ ಮಾತ್ರ. ಹೊಗಳಿಕೆ ಪಾರ್ವತಿಬಾಯಿಯ ಪಾಲಾಯಿತು. ಲಚ್ಚಮ್ಮ ಸತ್ತ ಮೇಲೆ ಈ ಗುಟ್ಟಿನ ಕಾವಲು ಮಗನಿಗೆ ಬಂತು. "ಬೀಗರು ನಗ್ತಾರವ್ವ, ಸುಮ್ಮನಿರು," ಎಂದ ವೀರಭದ್ರ. ಅವಳು ಸುಮ್ಮನಿದ್ದಳು. ಕಣ್ಣು ಮಂಜಾಗುವವರೆಗೂ ಬಂಡೆಪ್ಪ ಬಡಿಯುತ್ತಲೇ ಇದ್ದ.

ಈಗ ಸತ್ತವನ ಸೇವೆಯನ್ನೂ ತನ್ನ ಹೆಸರಿಗೇ ಬರೆಯುತ್ತಾರಲ್ಲ!

"ಏ ಶಿವರಾಯ, ಆ ಮೈಕ್ ತಾ ಇಲ್ಲಿ!"

ಎದ್ದು ಹೋಗಿ ಅವಳೇ ಮೈಕ್ ಕಸಿದುಕೊಂಡಳು. ವೀರಭದ್ರ ಧಾವಿಸಿ ಬಂದ. "ಅವ್ವಾ, ಕೂಡು. ಮಂದಿ ನೋಡಾಕತ್ಯಾರ."

"ನೋಡ್ಲಿ! ನಿಮ್ಮಪ್ಪ ಕಳ್ಳತನ ಮಾಡ್ಯಾನೇನು? ನನ್ನ ಕೈ ಮುರದ ಮ್ಯಾಲ ನಿಮಗೆಲ್ಲ ರೊಟ್ಟಿ ಬಡದು ಹಾಕಿದಾಂವ ಆತ. ನಾ ಅಲ್ಲ. ಕೇಳ್ಸಿತೇನ್ರಿ? ನಾ ಅಲ್ಲ!"

ಮೊದಲು ಬಾಯಿಬಿಟ್ಟವಳು ಪಕ್ಕದ ಮನೆಯ ಮುದುಕಿ ಅಮೃತಬಾಯಿ. "ಅಯ್ಯ ನಿನ್ನ! ಪಾರ್ವತಿ ರೊಟ್ಟಿ ನೋಡಿ ಕಲಿ ಅಂತ ನಮ್ಮ ಮಂಗಲಾಗ ದಿನಾ ಬೈದೀನಲ್ಲೇ!"

"ಬಂಡೆಪ್ಪ ಮಾವನ್ನ ನೋಡಿ ಕಲಿ ಅಂತ ನಿಮ್ಮ ಮಗಗ ಬೈಬೇಕಿತ್ತು, ಅತ್ತಿ," ಎಂದಳು ಸೊಸೆ ಮಂಗಲಾ. ಹೆಂಗಸರ ಕಡೆ ನಗು ಹಬ್ಬಿತು. ಗಂಡಸರು ಚಪ್ಪಲಿ ನೋಡತೊಡಗಿದರು.

ಪಾರ್ವತಿಬಾಯಿ ನಗಲಿಲ್ಲ. ಮೈಕನ್ನು ಮಗನ ಎದೆಗೆ ಒತ್ತಿದಳು. "ನೀ ಹೇಳು. ಉಂಡಾಂವ ನೀ."

ವೀರಭದ್ರ ಬೀಗರನ್ನು ನೋಡಿದ, ಆರಾಧನೆಗೆ ಬಂದಿದ್ದ ಮಠದ ಸ್ವಾಮಿಗಳನ್ನು ನೋಡಿದ.

"ನಮ್ಮಪ್ಪ... ರೊಟ್ಟಿ ಬಡೀತಿದ್ರು," ಎಂದ.

"ಜೋರಾಗಿ."

"ರೊಟ್ಟಿ ಬಡೀತಿದ್ರು ನಮ್ಮಪ್ಪ! ದಿನಾ ಬಡೀತಿದ್ರು!" ದನಿ ಒಡೆಯಿತು. "ಅಂಥಾ ರೊಟ್ಟಿ ಮತ್ತ ಎಲ್ಲೂ ಸಿಕ್ಕಿಲ್ರಿ ನನಗ."

ಪಾರ್ವತಿಬಾಯಿ ಸೆರಗು ಸರಿಪಡಿಸಿಕೊಂಡು ಕೂತಳು. "ಹ್ಞಾಂ, ಶಿವರಾಯ," ಎಂದಳು, "ಈಗ ನಡೀಲಿ ನಿನ್ನ ಭಾಷಣ."