ಐದು ಗಂಟೆಯ ಜಮಖಾನೆ

ಬುಡಾಪೆಸ್ಟಿನ ನಮ್ಮ ವಠಾರದ ಗೇಟು ಕಾಯುತ್ತಿದ್ದ ಎತೆಲ್ಕಮ್ಮನನ್ನು ನಾನು ಒಂದು ದಿನವೂ ನಂಬಲಿಲ್ಲ. ನಂಬುವ ಕಾಲವೂ ಅದಾಗಿರಲಿಲ್ಲ ಬಿಡಿ. ಐವತ್ತೆರಡನೇ ಇಸವಿ. ಪ್ರತಿ ವಠಾರದಲ್ಲೂ ಒಬ್ಬರು ಕಮ್ಯುನಿಸ್ಟ್ ಸರ್ಕಾರಕ್ಕೆ ಗುಟ್ಟಾಗಿ ಸುದ್ದಿ ಮುಟ್ಟಿಸುತ್ತಾರೆಂದು ಎಲ್ಲರೂ ಹೇಳುತ್ತಿದ್ದರು. ಯಾರೆಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು! ಗೇಟಿನ ಪಕ್ಕದ ಕೋಣೆಯ ಕಿಟಕಿಯಲ್ಲಿ ಸದಾ ಎತೆಲ್ಕಮ್ಮನ ಮುಖ. ಯುದ್ಧದ ಕೊನೆಗೆ ಊರಿಗೆ ಮುತ್ತಿಗೆ ಬಿದ್ದ ಚಳಿಗಾಲದಲ್ಲಿ ನೀರು ತರಲು ಹೋದ ಅವಳ ಗಂಡ ಹೆಣವಾಗಿ ಬಂದಿದ್ದ. ಅಂದಿನಿಂದ ಒಬ್ಬಳೇ ಮೆಟ್ಟಿಲು ತೊಳೆದು, ಕಸ ಎತ್ತಿ, ಯಾರ ಮನೆಗೆ ಯಾರು ಬಂದರೆಂದು ನೋಡುತ್ತ ಬದುಕಿದ್ದಳು. ಆ ಕೆಲಸ ಇರುವವರೆಗೆ ಮಾತ್ರ ಆ ಕೋಣೆ.

ಮೂರು ಅಂತಸ್ತಿನ ಮನೆಗಳೂ ಒಂದೇ ಅಂಗಳಕ್ಕೆ ತೆರೆದುಕೊಂಡಿದ್ದವು. ಒಬ್ಬರು ಈರುಳ್ಳಿ ಹುರಿದರೆ ಎಲ್ಲರ ಮೂಗಿಗೂ ಬರುತ್ತಿತ್ತು. ಅಂಗಳದ ಕಬ್ಬಿಣದ ಕಂಬಿಯ ಮೇಲೆ ಜಮಖಾನೆ ಹಾಕಿ ಬಡಿಯುವುದು ಬೆಳಿಗ್ಗೆ ಹತ್ತರೊಳಗೆ ಮಾತ್ರ. ಒಂದು ನಿಮಿಷ ಮೀರಿದರೂ ಎತೆಲ್ಕಮ್ಮ ಕೂಗುತ್ತಿದ್ದಳು: "ಸಾಕು ಮಾಡ್ರೇ! ನಿಮ್ಮ ಧೂಳು ತಿಂದೇ ಹೊಟ್ಟೆ ತುಂಬಿಸ್ಕೋಬೇಕಾ ನಾನು?"

ಅವಳೇ ದಿನಾ ಸಂಜೆ ಐದಕ್ಕೆ ತನ್ನ ಕೆಂಪು ಜಮಖಾನೆ ತಂದು ನಮ್ಮ ಕಿಟಕಿಯ ಕೆಳಗೆ ಧಡಧಡ ಬಡಿಯುತ್ತಿದ್ದಳು. ಐದಕ್ಕೇ ನನ್ನ ಗಂಡ ದೆಜೋ ಹೊರದೇಶದ ರೇಡಿಯೋ ಕೇಳುತ್ತಿದ್ದ. ಸಿಕ್ಕಿಬಿದ್ದರೆ ಜೈಲು. ಬಾಂಬಿಗೆ ಒಂದು ಕಿವಿ ಹೋಗಿದ್ದರಿಂದ ಅವನಿಗೆ ಸ್ವಲ್ಪ ಜೋರಾಗಿಯೇ ಬೇಕು.

"ಒಂದು ಜಮಖಾನೇಲಿ ದಿನಾ ಎಷ್ಟು ಧೂಳು ಕೂರುತ್ತೆ ಹೇಳು? ಬಡಿಯೋ ನೆಪದಲ್ಲಿ ಕಿವಿಗೊಟ್ಟು ನಿಂತಿದಾಳೆ," ಎಂದೆ.

"ನಿನಗೆಲ್ಲೋ ಹುಚ್ಚು ಕಣೇ," ಎಂದ ದೆಜೋ. ಆದರೂ ಅವನ ಮುಖ ಬಿಳಿಚಿಕೊಂಡಿತು.

ಅವನನ್ನು ಎಳೆದೊಯ್ಯುವ ಮೊದಲೇ ಅವಳನ್ನು ಹೊರಹಾಕಬೇಕು ಎಂದುಕೊಂಡೆ. ವಠಾರದ ನಿಯಮ ಮುರಿಯುತ್ತಾಳೆಂದು ವಸತಿ ಕಚೇರಿಗೆ ಅರ್ಜಿ ಬರೆದು ಸಹಿಗಾಗಿ ಮನೆಮನೆಗೂ ಒಯ್ದೆ. ಮೊದಲ ಸಹಿ ಮೂರನೇ ಅಂತಸ್ತಿನ ವಿದೋರ್‌ನದು. ಇಸ್ತ್ರಿ ಮಾಡಿದ ಕಾಲರಿನ ಮರ್ಯಾದಸ್ಥ. "ಶಿಸ್ತು ಎಲ್ಲರಿಗೂ ಒಂದೇ ಅಲ್ವೇನಮ್ಮ," ಎಂದು ನಕ್ಕ.

ತಿಂಗಳೊಳಗೆ ಎತೆಲ್ಕಮ್ಮನ ಕೆಲಸವೂ ಹೋಯಿತು, ಕೋಣೆಯೂ ಹೋಯಿತು. ಕೈಗಾಡಿಯಲ್ಲಿ ಸಾಮಾನು ಹೇರಿಕೊಂಡು ಹೊರಟವಳು ಗೇಟಿನಲ್ಲಿ ನನ್ನನ್ನು ಕಂಡು ನಿಂತಳು.

"ಗಂಡನ ಕಿವಿ ನೋಡ್ಕೊಳೇ ತಾಯಿ. ಇನ್ಮೇಲೆ ನನ್ನ ಕೈಲಾಗಲ್ಲ."

ಹೋಗುವಾಗಲೂ ಕೊಂಕು ಎಂದು ಮುಖ ತಿರುಗಿಸಿದೆ.

ಮರುದಿನ ಐದಕ್ಕೆ ನಾನು ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದೆ. ಮೇಲೆ ನಮ್ಮ ಕಿಟಕಿಯಿಂದ ರೇಡಿಯೋದ ಗಂಡುಧ್ವನಿ ಕೇಳಿಸಿತು. ಹೊರದೇಶದ ಸುದ್ದಿ, ಒಂದೊಂದು ಪದವೂ ಸ್ಪಷ್ಟವಾಗಿ. ಇಷ್ಟು ದಿನ ಆ ಮುದುಕಿ ಬಡಿದು ಬಡಿದು ಮುಚ್ಚಿದ್ದು ಈ ಧ್ವನಿಯನ್ನೇ. ನಾಚಿಕೆಯಿಂದ ಸತ್ತೇ ಹೋಗಬೇಕೆನಿಸಿತು. ಅಷ್ಟರಲ್ಲಿ ಮೂರನೇ ಅಂತಸ್ತಿನಲ್ಲಿ ವಿದೋರ್‌ನ ಕಿಟಕಿ ತೆರೆಯಿತು.

ಎತೆಲ್ಕಮ್ಮ ಬಿಟ್ಟುಹೋದ, ಜಮಖಾನೆ ಬಡಿಯುವ ಬೆತ್ತ ಗೋಡೆಯ ಮೊಳೆಯಲ್ಲೇ ನೇತಾಡುತ್ತಿತ್ತು. ನನ್ನ ಶಾಲನ್ನೇ ಕಂಬಿಗೆ ಎಸೆದು, ಬಲವೆಲ್ಲ ಹಾಕಿ ಬಡಿಯತೊಡಗಿದೆ.

"ಏನಮ್ಮ, ಹತ್ತು ಗಂಟೆ ಎಂದೋ ಆಯ್ತಲ್ಲ?" ವಿದೋರ್ ಮೇಲಿನಿಂದ ಬಗ್ಗಿ ನಗುತ್ತ ಕೇಳಿದ. "ನಿಮ್ಮ ಮೇಲೂ ಒಂದು ಅರ್ಜಿ ಬರೀಲಾ?"

ನಾನು ಬಡಿಯುತ್ತಲೇ ಇದ್ದೆ.